ಗೋಡೆ ನೀವೇ ಸರಿಸಿಕೊಳ್ಳಿ

ಮನೆ ಕಂಪ್ಯೂಟರ್ ಪರದೆ ನೀಲಿ ಆಗುತ್ತದೆ. ಅಪ್ಪಣೆ ಬರುತ್ತದೆ: ಅಪ್‌ಡೇಟ್ ನಡೀತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ. ನಾವ್ಯಾಕೆ ಮಾಡ್ತೀವಪ್ಪಾ, ಅದನ್ನ ಕರೆಂಟಿಗೆ ಹೇಳು. ರಾಯಚೂರಿನ ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್‌ನ ಶಾಖೋತ್ಪನ್ನ ಸ್ಥಾವರ ಇದೆ ಅಂತ ಯಾರೋ ಅದರ ಕಿವಿಗೆ ಹಾಕಿರಬೇಕು. ಇಲ್ಲಿ ಕರೆಂಟ್ ಹೋಗೋದೇ ಇಲ್ಲ ಅಂತ ನಂಬಿಬಿಟ್ಟಿದೆ, ಪಾಪ.

ಕರೆಂಟ್ ಹೋಗದೆ ನೂರಕ್ಕೆ ನೂರು ಮುಟ್ಟಿದರೂ ಗ್ಯಾರಂಟಿ ಇಲ್ಲ. ಆಗಲಿಲ್ಲ, ಮಾಡಿದ್ದೆಲ್ಲ ವಾಪಸ್ ತಗೋತಿದ್ದೀವಿ ಅಂತ ಒಂದು ಸಾಲು ಬರುತ್ತದೆ. ಯಾಕೆ ಆಗಲಿಲ್ಲ? ಸೊನ್ನೆ ಎಕ್ಸ್ 80070643. ಆಯ್ತು, ತಿಳೀತು!

ನಮ್ಮ ಓಣಿಯ ನಿವೃತ್ತ ಮೇಷ್ಟ್ರು ಈ ನಂಬರನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ಮುದ್ದಾಗಿ ಬರೆದುಕೊಂಡು ತೀನ್ ಕಂದೀಲ್ ಹತ್ತಿರದ ರಿಪೇರಿ ಅಂಗಡಿಗೆ ಒಯ್ದರು. ಅಂಗಡಿ ಹುಡುಗ ಚೀಟಿ ಕಡೆ ತಿರುಗಿ ಕೂಡ ನೋಡಲಿಲ್ಲ. "ಫಾರ್ಮ್ಯಾಟ್ ಹೊಡೀಬೇಕ್ರಿ ಸರ್" ಅಂದ. ಮೌಸ್ ಕೆಟ್ಟರೂ ಅವನದು ಇದೇ ಔಷಧಿ.

ಹುಡುಗನನ್ನು ಸುಮ್ನೆ ಬೈಯೋದು ಬೇಡ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಒಂದು ಭದ್ರತಾ ಅಪ್‌ಡೇಟ್ ಬಿಟ್ಟಿತು, ಕೆಬಿ 5034441 ಅಂತ. ಕಂಪ್ಯೂಟರ್ ಕೈಗೆ ಸಿಕ್ಕವನು ಡಿಸ್ಕಿನ ಬೀಗ ತಪ್ಪಿಸಬಹುದಾದ ಒಂದು ಕಿಂಡಿ ಇತ್ತು, ಅದನ್ನು ಮುಚ್ಚೋಕೆ. ಅದು ಕೂರಲು ರಿಕವರಿ ಪಾರ್ಟಿಷನ್‌ನಲ್ಲಿ, ಅಂದ್ರೆ ವಿಂಡೋಸ್ ಕೆಟ್ಟರೆ ರಿಪೇರಿಗೆ ಅಂತ ಡಿಸ್ಕಿನಲ್ಲಿ ಬೇರೆ ಇಟ್ಟಿರುವ ಭಾಗದಲ್ಲಿ, 250 ಎಂಬಿ ಖಾಲಿ ಜಾಗ ಬೇಕಿತ್ತು, ಎಷ್ಟೋ ಜನರ ಕಂಪ್ಯೂಟರಿನಲ್ಲಿ ಅಷ್ಟು ಇರಲಿಲ್ಲ, ಇಲ್ಲದಿದ್ದರೆ ಜಾಗ ಸಾಲದು ಅಂತ ಹೇಳಬಹುದಿತ್ತು ಅಲ್ವಾ, ಹೇಳಲಿಲ್ಲ, ಬದಲಿಗೆ ಇದೇ 80070643 ತೋರಿಸಿತು. ದೋಷ ತೋರಿಸುವ ಭಾಗದಲ್ಲೇ ದೋಷ ಇತ್ತು ಅಂತ ಕಂಪನಿಯೇ ಒಪ್ಪಿಕೊಂಡಿತು.

ಪರಿಹಾರ ಇನ್ನೂ ಚೆನ್ನಾಗಿತ್ತು. ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು, ಡಿಸ್ಕ್‌ಪಾರ್ಟ್ ಅಂತ ಟೈಪ್ ಮಾಡಿ, ವಿಂಡೋಸ್ ಇರುವ ಪಾರ್ಟಿಷನ್ ಕುಗ್ಗಿಸಿ, ರಿಕವರಿ ಪಾರ್ಟಿಷನ್ ಅಳಿಸಿ, ಹೊಸದಾಗಿ ದೊಡ್ಡದು ಮಾಡಿ. ಬಡಗಿ ತಂದ ಬಾಗಿಲು ಚೌಕಟ್ಟಿಗೆ ಕೂರದಿದ್ದರೆ, ಗೋಡೆ ನೀವೇ ಒಂದಿಷ್ಟು ಸರಿಸಿಕೊಳ್ಳಿ ಯಜಮಾನ್ರೇ ಅಂದ ಹಾಗೆ. ಒಂದು ಅಂಕಿ ತಪ್ಪಿದರೆ ಪಹಣಿ ಸ್ಕ್ಯಾನು, ಮೊಮ್ಮಗಳ ನಾಮಕರಣದ ಫೋಟೋ ಎಲ್ಲ ಕೃಷ್ಣಾರ್ಪಣ. ತಾನಾಗೇ ಸರಿಹೋಗುವ ವ್ಯವಸ್ಥೆ ಬರಲ್ಲ ಅಂತ ಆಮೇಲೆ ಹೇಳಿದರು. ಇನ್ನೂ ಮಜಾ ಏನಂದ್ರೆ, ರಿಕವರಿ ಪಾರ್ಟಿಷನ್ನೇ ಇಲ್ಲದವರಿಗೆ ಈ ಅಪ್‌ಡೇಟ್ ಬೇಕಾಗಿಯೇ ಇರಲಿಲ್ಲ. ಆದರೂ ಅವರಿಗೂ ದೋಷ ಬಂತು. ಅಂಥವರು ಅದನ್ನು ಕಡೆಗಣಿಸಬಹುದಂತೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೇ ಮುಗಿಯಿತು. 11ಕ್ಕೆ ಹೋಗೋಣ ಅಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು. ಮೇಷ್ಟ್ರ ಕಂಪ್ಯೂಟರ್ ನೆಟ್ಟಗಿದೆ, ಚಿಪ್ ಇಲ್ಲ. ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಬೇಕು ಅನ್ನುವವರು ಹೆಸರು ನೋಂದಾಯಿಸಬೇಕು. ಸೆಟ್ಟಿಂಗ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಮಾಡಬೇಕು, ಇಲ್ಲಾ ಅದೇ ಕಂಪನಿಯ 1000 ರಿವಾರ್ಡ್ ಪಾಯಿಂಟ್ ಕೊಡಬೇಕು, ಇಲ್ಲಾ ದುಡ್ಡು. ಆ ನೋಂದಣಿ ಕಿಟಕಿ ಮೊದಮೊದಲು ಕೆಲವರಿಗೆ ತೆರೆದ ಹಾಗೆ ಮಾಡಿ ತಾನೇ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಸರಿಪಡಿಸೋಕೆ 2025ರ ಆಗಸ್ಟ್‌ನಲ್ಲಿ ಏನು ಕಳಿಸಿದರು ಹೇಳಿ? ಇನ್ನೊಂದು ಅಪ್‌ಡೇಟ್.