ಕಾಡುವ ಸಂಗಾತಿಯ ಬಾಲ್ಯ ನೋಡಿ ಸಂಬಂಧ ಉಳಿಸಿಕೊಳ್ಳಬೇಕಾ?

ಪರ

ಧಾರವಾಡದ ಹುಡುಗಿ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೊರಟಿದ್ದಾಳೆ. ನವಲೂರು ಬರುವಷ್ಟರಲ್ಲಿ ಮತ್ತೆ ಅವಳ ಸಂಗಾತಿಯ ಫೋನು. "ಎಲ್ಲಿದ್ದೀ? ಯಾರ ಜೋಡಿ ಇದ್ದೀ? ಫೋಟೋ ಕಳಿಸು." ಇಂಥವನನ್ನು ಕೆಟ್ಟವ ಅಂತ ತೀರ್ಮಾನಿಸೋದು ಸುಲಭ. ಸ್ವಲ್ಪ ತಡೆಯಿರಿ.

ಮಗು ಹೆತ್ತವರಿಗೆ ಅಂಟಿಕೊಳ್ಳುವ ರೀತಿ ದೊಡ್ಡವರ ಪ್ರೇಮದಲ್ಲೂ ಕಾಣುತ್ತದೆ ಅಂತ ಮನಶ್ಶಾಸ್ತ್ರಜ್ಞರಾದ ಹೇಜನ್ ಮತ್ತು ಶೇವರ್ 1987ರಲ್ಲಿ ಬರೆದರು. ಕೆಲವರಿಗೆ ಬಿಟ್ಟು ಹೋಗ್ತಾರೇನೋ ಅನ್ನುವ ಅಂಜಿಕೆ. ಕೆಲವರು ಯಾರಾದರೂ ಹತ್ತಿರ ಬಂದರೇ ದೂರ ಸರಿಯುತ್ತಾರೆ. ನಾರ್ಸಿಸಿಸಂ, ಅಂದರೆ ತಾನೇ ಮುಖ್ಯ ಅನ್ನುವ ಸ್ವಭಾವದಲ್ಲೂ ಎರಡು ಬಗೆ. ಒಂದು, ಮೆರೆಯೋದು. ಇನ್ನೊಂದು, ಒಳಗೊಳಗೇ ಕುಗ್ಗಿ ಸಣ್ಣ ಮಾತಿಗೂ ನೊಂದುಕೊಳ್ಳೋದು. ಈ ಎರಡನೆಯವರಲ್ಲಿ ಆ ಅಂಜಿಕೆ ಜಾಸ್ತಿ. ನಂಬಿಗಸ್ತ ಸಂಗಾತಿ ಸಿಕ್ಕರೆ ಅದು ಇಳಿಯಬಹುದು. ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ತಾನಾಗಿ ಹೋಗಿ ಸಲಹೆ ಕೇಳುವವನ ಜೊತೆ ನಿಲ್ಲೋದು ತಪ್ಪಲ್ಲ.

ವಿರೋಧ

ಈಗ ಬಸ್ಸಿನಲ್ಲಿರುವ ಹುಡುಗಿಯ ಕಡೆಯಿಂದ ನೋಡೋಣ. ಆ ಫೋನಿನ ಹಿಂದೆ ಅಂಜಿಕೆ ಇದೆಯೋ ಹಿಡಿತದ ಆಸೆ ಇದೆಯೋ, ಅವಳಿಗೆ ಹೇಗೆ ಗೊತ್ತಾಗಬೇಕು?

ಮನಶ್ಶಾಸ್ತ್ರಜ್ಞರಾದ ಪೌಲಸ್ ಮತ್ತು ವಿಲಿಯಮ್ಸ್ 2002ರಲ್ಲಿ ಡಾರ್ಕ್ ಟ್ರಯಾಡ್ ಅಂತ ಕರೆದದ್ದು ಮೂರು ಸ್ವಭಾವಗಳನ್ನು: ನಾರ್ಸಿಸಿಸಂ, ಲೆಕ್ಕ ಹಾಕಿ ಜನರನ್ನು ಬಳಸಿಕೊಳ್ಳುವ ಮೆಕಿಯಾವೆಲಿಯನಿಸಂ, ಕನಿಕರ ಕಡಿಮೆ ಇರುವ ಸೈಕೋಪತಿ. ಸೈಕೋಪತಿಯ ಜೊತೆ ಹೆಚ್ಚಾಗಿ ಕಾಣೋದು ದೂರ ಸರಿಯುವ ರೀತಿ. ಹತ್ತಿರವೇ ಬೇಡದವರಿಗೆ ಎಷ್ಟು ಪ್ರೀತಿ ಕೊಟ್ಟರೂ ನಂಬಿಕೆ ಹುಟ್ಟುತ್ತದೆ ಅನ್ನಲಾಗದು. ಇನ್ನೊಂದು ಮಾತು. ಸ್ವಭಾವಕ್ಕೂ ಅಂಟಿಕೊಳ್ಳುವ ರೀತಿಗೂ ಇರುವ ಈ ನಂಟುಗಳೆಲ್ಲ ಬಹುಪಾಲು ಜನ ಪ್ರಶ್ನಾವಳಿಗೆ ಕೊಟ್ಟ ಉತ್ತರಗಳಿಂದ ಸಿಕ್ಕವು. ಎರಡೂ ಜೊತೆಗೆ ಕಾಣುತ್ತವೆ ಅಷ್ಟೇ, ಬಾಲ್ಯವೇ ಕಾರಣ ಅಂತ ಅದರಿಂದ ಸಾಬೀತಾಗಲ್ಲ. ಹುಟ್ಟುಗುಣದ ಪಾಲೂ ಇದೆ.

ನನಗೆ ಸಿಟ್ಟು ಬರೋದು ಇಲ್ಲಿ. "ನಮ್ಮಪ್ಪ ಬಿಟ್ಟು ಹೋದ, ನೀನೂ ಹೋಗ್ತೀ" ಅಂತ ಅವನು ಅಳುತ್ತಾನೆ. ಅವಳು ಗೆಳತಿಯರನ್ನು ಬಿಡುತ್ತಾಳೆ, ಆಮೇಲೆ ನೌಕರಿ ಬಿಡುತ್ತಾಳೆ. ಮನೆಯಲ್ಲಿ ಹಿರಿಯರು, "ಹೊಂದ್ಕೊಂಡು ಹೋಗವಾ, ಎಲ್ಲಾ ಸರಿ ಹೋಗ್ತೈತಿ" ಅಂತಾರೆ. ಅವನ ಬಾಲ್ಯದ ಲೆಕ್ಕ ಇವಳೇ ಯಾಕೆ ತೀರಿಸಬೇಕು? ನಾನಂತೂ ಒಂದನ್ನೇ ನೋಡುತ್ತೇನೆ: ಬೇಡ ಅಂದಾಗ ಅವನು ನಿಲ್ಲಿಸುತ್ತಾನಾ? ನಿಲ್ಲಿಸದಿದ್ದರೆ ಕಾರಣ ಹುಡುಕುತ್ತ ಕೂರಬೇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೊಡೆತದ ಜೊತೆ ಬೈಗುಳ, ಅವಮಾನವನ್ನೂ ಹಿಂಸೆ ಅಂತಲೇ ಎಣಿಸುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.