ಬೆಕ್ಕು ಮಲಗುವ ಪೆಟ್ಟಿಗೆ

ನಮ್ಮ ಮನೆಯ ಕ್ಯಾಮೆರಾ ಕಂಪ್ಯೂಟರಿಗೆ ಜ್ವರ ಬಂದಿದೆಯೆಂದು ಮೊದಲು ಪತ್ತೆಹಚ್ಚಿದ್ದು ಬೆಕ್ಕು. ನಮ್ಮ ಬೆಕ್ಕೇನಲ್ಲ; ಹನುಮಂತನಗರದ ನಮ್ಮ ಅಡ್ಡರಸ್ತೆಯಲ್ಲಿ ಮೂರು ಮನೆಗಳಲ್ಲಿ ಹಾಲು ಕುಡಿದು ನಾಲ್ಕನೆಯದರಲ್ಲಿ ಮಲಗುವ ಸಾರ್ವಜನಿಕ ಬೆಕ್ಕು. ಆ ನಾಲ್ಕನೆಯ ಮನೆ ನಮ್ಮದು. ಡಿಸೆಂಬರ್ ಬರುತ್ತಿದ್ದ ಹಾಗೆ ಅದು ಸೋಫಾ ತೊರೆದು, ಮಹಡಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿಟ್ಟಿದ್ದ ಸಿಪಿಯು ಮೇಲೆ ಸುರುಳಿ ಸುತ್ತಿಕೊಳ್ಳತೊಡಗಿತು. ವಾರದೊಳಗೆ ಅದರ ಪಕ್ಕಕ್ಕೆ ದೋಸೆ ಹಿಟ್ಟಿನ ಪಾತ್ರೆಯೂ ಬಂತು. ಚಳಿಗಾಲದಲ್ಲಿ ಹಿಟ್ಟು ಉಬ್ಬುವುದೇ ಇಲ್ಲವೆಂದು ವರ್ಷವರ್ಷವೂ ಗೊಣಗುವ ನನ್ನ ಹೆಂಡತಿ ಬೆಕ್ಕನ್ನು ನೋಡಿ ಕಲಿತಿದ್ದಳು. "ರಾತ್ರಿ ಇಟ್ರೆ ಬೆಳಗ್ಗೆ ಮುಚ್ಚಳ ಎತ್ಕೊಂಡು ನಿಂತಿರತ್ತೆ ರೀ" ಅಂತ ಸಂಭ್ರಮ ಬೇರೆ.

ನನಗೆ ಸಂಭ್ರಮವಾಗಲಿಲ್ಲ. ಸಿಪಿಯು ಅಂದರೆ ನಮ್ಮ ಕಡೆ ಇಡೀ ಪೆಟ್ಟಿಗೆ. ಆ ಹೆಸರು ನಿಜವಾಗಿ ಸಲ್ಲಬೇಕಾದ್ದು ಒಳಗಿರುವ, ಬಿಸ್ಕತ್ತಿನಷ್ಟಗಲದ ಒಂದು ಚಿಪ್ಪಿಗೆ ಎಂದು ಯಾರಿಗೂ ಹೇಳಲು ಹೋಗಬಾರದು, ನೆಂಟಸ್ತಿಕೆ ಕೆಡುತ್ತದೆ. ಆ ಬಿಸ್ಕತ್ತು ಎಷ್ಟು ದುಡಿಯುತ್ತಿದೆ ನೋಡೋಣವೆಂದು ಟಾಸ್ಕ್ ಮ್ಯಾನೇಜರ್ ತೆರೆದೆ. 97 ಪರ್ಸೆಂಟ್. ರಾತ್ರಿ ಹನ್ನೊಂದೂವರೆ. ಮನೆಯವರೆಲ್ಲ ಮಲಗಿದ್ದಾರೆ, ರಸ್ತೆಯಲ್ಲಿ ನಾಯಿಗಳೂ ಮಲಗಿವೆ. ಇದೊಂದು ಮಾತ್ರ ಮದುವೆಮನೆಯ ಅಡುಗೆಭಟ್ಟನ ಹಾಗೆ ಬೆವರು ಸುರಿಸುತ್ತಿದೆ.

ಇಷ್ಟಕ್ಕೂ ನಮ್ಮ ಮನೆಯಲ್ಲಿ ಕಾಯುವಂಥದ್ದೇನಿದೆ? ದಾಸವಾಳ. ಕಾಂಪೌಂಡಿನ ಆಚೆಗೆ ವಾಲಿದ ಗಿಡದಿಂದ ಬೆಳಗಿನ ಜಾವ ಯಾರೋ ಹೂವೆಲ್ಲ ಬಿಡಿಸಿಕೊಂಡು ಹೋಗುತ್ತಿದ್ದರು. ದೇವರ ಮನೆಯಲ್ಲಿ ಕೂತ ಹೆಂಡತಿಗೆ ಮೊಗ್ಗಷ್ಟೇ ಗತಿ. ಅದಕ್ಕೆಂದು ಒಂದು ಕ್ಯಾಮೆರಾ ಹಾಕಿಸಿದೆ. ಮೊದಲ ವಾರವೇ ಕಳ್ಳರು ಸಿಕ್ಕರು: ಮಂಕಿಕ್ಯಾಪು, ತುದಿಗೆ ಕೊಕ್ಕೆ ಕಟ್ಟಿದ ಕೋಲು, ಕೈಯಲ್ಲೊಂದು ಕವರು. ಎದುರು ಸಿಕ್ಕಾಗಲೆಲ್ಲ ನಾನೇ ಮೊದಲು ನಮಸ್ಕಾರ ಹೇಳುವ ಹಿರಿಯರು. ಏನೆಂದು ಕೇಳುವುದು? ಇವತ್ತಿಗೂ ನಾನು ನಮಸ್ಕಾರ ಹೇಳುತ್ತೇನೆ, ಅವರು ಹೂವು ಬಿಡಿಸುತ್ತಾರೆ. ಕ್ಯಾಮೆರಾಗಳು ಮಾತ್ರ ಒಂದಿದ್ದದ್ದು ನಾಲ್ಕಾದವು. ಮಗ ಬಿಟ್ಟುಹೋದ ಹಳೇ ಕಂಪ್ಯೂಟರ್ ಸುಮ್ಮನೆ ಬಿದ್ದಿತ್ತು, ಅದಕ್ಕೊಂದು ದೊಡ್ಡ ಹಾರ್ಡ್ ಡಿಸ್ಕ್ ಕೂಡಿಸಿ ರೆಕಾರ್ಡಿಂಗ್ ಕೆಲಸಕ್ಕೆ ಹಚ್ಚಿದೆ.

ಜ್ವರದ ಪರಿಣಾಮ ದೃಶ್ಯಗಳಲ್ಲೂ ಕಾಣತೊಡಗಿತ್ತು. ಹಾಲಿನ ಹುಡುಗ ಗೇಟಿನಿಂದ ಹತ್ತು ಅಡಿ ದೂರದಲ್ಲಿದ್ದಾನೆ. ಮುಂದಿನ ಕ್ಷಣ ಗೇಟಿನ ಮೇಲಿನ ಚೀಲದಲ್ಲಿ ಹಾಲಿದೆ, ಹುಡುಗನಿಲ್ಲ. ಪೌರಾಣಿಕ ನಾಟಕದ ಅಂತರ್ಧಾನದ ಹಾಗೆ. ಯಂತ್ರಕ್ಕೆ ಕೈ ತುಂಬಾ ಕೆಲಸವಾದಾಗ ಅದು ನಡುವಿನ ಚಿತ್ರಗಳನ್ನು ಕೈಬಿಡುತ್ತದೆ. ಕಳ್ಳ ಬರುವುದು ಸಾಮಾನ್ಯವಾಗಿ ಅಂಥ ನಡುವಿನಲ್ಲೇ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಆಫ್ ಮಾಡಿ ಆನ್ ಮಾಡಿದೆ. ಎರಡು ನಿಮಿಷ ತಣ್ಣಗಿದ್ದು ಮತ್ತೆ 97. ಆಮೇಲೆ ಪೆಟ್ಟಿಗೆ ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ನಡುವೆ ಧೂಳು ಮತ್ತು ಬೆಕ್ಕಿನ ಕೂದಲು ಸೇರಿ ಕಂಬಳಿಯಾಗಿತ್ತು. ಎಸ್‌.ಪಿ. ರೋಡಿಗೆ ಹೋಗಿ ಚಿಪ್ಪಿನ ಬಿಸಿಯನ್ನು ಹೊರಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ತಂದು, ಹಳೆಯದನ್ನು ಒರೆಸಿ, ಕಾಳಿನಷ್ಟು ಹಚ್ಚಿದೆ. ತೀರಾ ಕಾದರೆ ಚಿಪ್ಪು ಸುಟ್ಟುಹೋಗದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದಂತೆ, ಹಾಗಾಗಿ ಈ ಕೆಲಸ ವ್ಯರ್ಥವಲ್ಲ. ಬಿಸಿ ಕಮ್ಮಿಯಾಯಿತು, ಕೆಲಸ ಕಮ್ಮಿಯಾಗಲಿಲ್ಲ. ಆಂಟಿವೈರಸ್ಸಿನ ಕಡೆ ತಿರುಗಿದೆ. ಅದು ಹೊಸದಾಗಿ ಬರೆದ ಪ್ರತಿಯೊಂದು ವಿಡಿಯೊವನ್ನೂ ಮೂಸಿ ನೋಡುತ್ತಿತ್ತು, ನಮ್ಮ ರಸ್ತೆಯ ದೃಶ್ಯದಲ್ಲಿ ರೋಗ ಇರಬಹುದೆಂದು. ರೆಕಾರ್ಡಿಂಗ್ ಫೋಲ್ಡರ್ ಮುಟ್ಟಬೇಡವೆಂದು ಹೇಳಿದೆ. 91ಕ್ಕೆ ಬಂತು.

ಅಷ್ಟರಲ್ಲಿ ಭಾನುವಾರ ಅಕ್ಕನ ಮಗ ಬಂದ. ಸಾಫ್ಟ್‌ವೇರಿನವನು. ಅಕ್ಕಿರೊಟ್ಟಿ ಮುರಿಯುತ್ತಲೇ ಪರದೆ ನೋಡಿ ನಕ್ಕ. "ಮಾವ, ಇದು ರೆಕಾರ್ಡ್ ಮಾಡ್ತಾ ಇಲ್ಲ. ಇದಕ್ಕೆ ನೀವು ಬೇರೆ ಏನೋ ಕೆಲಸ ಕೊಟ್ಟಿದೀರ."

ಅವನು ಹೇಳಿದ್ದು ನನಗೆ ಅರ್ಥವಾದದ್ದು ಹೀಗೆ. ಕ್ಯಾಮೆರಾ ಚಿತ್ರಗಳನ್ನು ಹಾಗೇ ಕಳಿಸುವುದಿಲ್ಲ, ಮಡಚಿ, ಒತ್ತಿ, ಅಂಟಿಸಿದ ಲಕೋಟೆಯಲ್ಲಿ ಕಳಿಸುತ್ತದೆ. ಒಂದು ಪೂರ್ತಿ ಚಿತ್ರ, ಆಮೇಲೆ ಬದಲಾದದ್ದಷ್ಟೇ. ಬಂದ ಲಕೋಟೆಯನ್ನು ಒಡೆಯದೆ ಬೀರುವಿನಲ್ಲಿ ಪೇರಿಸಿಟ್ಟರೆ ಅದೇ ರೆಕಾರ್ಡಿಂಗು. ಅದಕ್ಕೆ ಹೆಚ್ಚು ಶಕ್ತಿ ಬೇಡ. ಬಳಲಿಸುವುದು ಒಡೆದು ಓದುವ ಕೆಲಸ. ಓದಿ, ತಿದ್ದಿ, ಮತ್ತೆ ಮಡಚಿ ಅಂಟಿಸುವುದಂತೂ ಮುಗಿಯದ ಪಾಡು. ನಾನು ನಾಲ್ಕೂ ಕ್ಯಾಮೆರಾಗಳ ಪ್ರತಿಯೊಂದು ಲಕೋಟೆಯನ್ನೂ ಒಡೆಸಿ ತಿದ್ದಿಸುತ್ತಿದ್ದೆ.

ಏನು ತಿದ್ದಿಸುತ್ತಿದ್ದೆ? ಇಲ್ಲಿ ಸ್ವಲ್ಪ ನಾಚಿಕೆಯ ವಿಷಯವಿದೆ. ಎಡಮೂಲೆಯಲ್ಲಿ ತಾರೀಕು, ಬಲಮೂಲೆಯಲ್ಲಿ ಮನೆಯ ಹೆಸರು. "ಗುರುಕೃಪ" ಎಂದು, ಕನ್ನಡದ ದಪ್ಪ ಅಕ್ಷರದಲ್ಲಿ, ಹಳದಿ ಬಣ್ಣದಲ್ಲಿ. ಆ ಸೌಲಭ್ಯ ಕಂಡ ದಿನ ಅರ್ಧ ಗಂಟೆ ಕೂತು ಅಕ್ಷರ ಆರಿಸಿದ್ದೆ. ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ನಾಲ್ಕು ಕ್ಯಾಮೆರಾ: ಅಂದರೆ ಪಾಪದ ಯಂತ್ರ ಹಗಲೂ ರಾತ್ರಿ ಸೆಕೆಂಡಿಗೆ ನೂರು ಸಲ ಗುರುಕೃಪ, ಗುರುಕೃಪ ಎಂದು ಬರೆಯುತ್ತಿತ್ತು. ಯಾವ ಮಠದಲ್ಲೂ ಇಷ್ಟು ಕಡು ಜಪ ನಡೆಯಲಾರದು. ತಾರೀಕನ್ನು ಬೇಕಾದರೆ ಕ್ಯಾಮೆರಾವೇ ಲಕೋಟೆ ಅಂಟಿಸುವ ಮೊದಲು ಬರೆದು ಕಳಿಸುತ್ತದೆ. ಹೆಸರು ಅಳಿಸಿದೆ. 58.

ಮುಂದಿನದು ಇನ್ನೂ ವಿಚಿತ್ರ. ಯಾರಾದರೂ ಬಂದರೇ ಎಂದು ನೋಡುವುದಕ್ಕೆ ಯಂತ್ರ ಲಕೋಟೆಗಳನ್ನು ಇನ್ನೂ ಒಡೆಯುತ್ತಲೇ ಇತ್ತು. ಕ್ಯಾಮೆರಾಗಳು ಚಿತ್ರ ಮಡಚುತ್ತಿದ್ದ ವಿಧಾನ ಎಚ್.265. ಅದನ್ನು ಅಂತರರಾಷ್ಟ್ರೀಯ ಮಾನಕವಾಗಿ ಒಪ್ಪಿದ್ದು 2013ರಲ್ಲಿ. ನಮ್ಮ ನಾಲ್ಕನೇ ಜನರೇಷನ್ ಐ5 ಪ್ರೊಸೆಸರ್ ಕೂಡ 2013ರ ಪೀಳಿಗೆಯದೇ. ಒಂದೇ ವರ್ಷ ಹುಟ್ಟಿದವರು, ಆದರೆ ಪರಸ್ಪರ ಪರಿಚಯವಿಲ್ಲ. ಆ ಮಡಿಕೆ ಬಿಚ್ಚುವ ಪ್ರತ್ಯೇಕ ಅಂಗ ಆರನೇ ಜನರೇಷನ್ನಿಗೆ, 2015ರಲ್ಲಿ ಬಂತು. ನಮ್ಮದು ಆ ಅಂಗವಿಲ್ಲದೆ ಬುದ್ಧಿಯೊಂದರಿಂದಲೇ ಬಿಡಿಸುತ್ತಿತ್ತು, ಕತ್ತರಿಯಿಲ್ಲದೆ ಹಾಲಿನ ಪ್ಯಾಕೆಟ್ ಹಲ್ಲಲ್ಲಿ ಕಚ್ಚಿ ಹರಿದ ಹಾಗೆ. ಹಳೇ ಎಚ್.264 ಆದರೆ ಅದಕ್ಕೆ ಬೇಕಾದ ಕತ್ತರಿ ಒಳಗೇ ಇದೆ. ಕ್ಯಾಮೆರಾಗಳಲ್ಲಿ ಅದಕ್ಕೆ ಬದಲಾಯಿಸಿ, ಹಾರ್ಡ್‌ವೇರ್ ಆಕ್ಸಿಲರೇಷನ್ ಎಂಬಲ್ಲಿ, ಅಂದರೆ ಆ ಕತ್ತರಿ ಬಳಸು ಎಂಬಲ್ಲಿ, ಟಿಕ್ ಹಾಕಿದೆವು. ಮಡಿಕೆ ಸಡಿಲವಾದ್ದರಿಂದ ಡಿಸ್ಕು ಬೇಗ ತುಂಬುತ್ತದೆ. ಮೂರು ವಾರ ಇರುತ್ತಿದ್ದ ದೃಶ್ಯ ಈಗ ಎರಡು ವಾರ. ಅಡ್ಡಿಯಿಲ್ಲ, ಹೋದ ತಿಂಗಳ ದಾಸವಾಳದ ಮೇಲೆ ಯಾರೂ ಕೇಸು ಹಾಕುವುದಿಲ್ಲ.

ಆದರೂ ಮೂರನೇ ಕ್ಯಾಮೆರಾ ತೊಂದರೆ ಕೊಡುತ್ತಲೇ ಇತ್ತು. ಫ್ಯೂಸು ಒಂದೊಂದೇ ಕಿತ್ತು ನೋಡುವ ಲೈನ್‌ಮನ್ ಹಾಗೆ ಒಂದೊಂದೇ ಕ್ಯಾಮೆರಾ ನಿಲ್ಲಿಸಿದಾಗ ಅದೇ ಸಿಕ್ಕಿಬಿದ್ದದ್ದು. ಅದರ ಎದುರಿಗಿರುವುದು ಹೊಂಗೆ ಮರ. ಗಾಳಿ ಬೀಸಿದಾಗ ಎಲೆ ಅಲ್ಲಾಡುತ್ತದೆ, ಎಲೆ ಅಲ್ಲಾಡಿದರೆ ನೆರಳು ಅಲ್ಲಾಡುತ್ತದೆ, ಯಾರೋ ಬಂದರೆಂದು ಯಂತ್ರ ಎದ್ದು ಕೂರುತ್ತದೆ. ರಾತ್ರಿ ಕ್ಯಾಮೆರಾದ ದೀಪಕ್ಕೆ ಹುಳು, ಹುಳುವಿಗೆಂದು ಜೇಡ. ಗಾಜಿನ ಮುಂದೆ ಕಟ್ಟಿದ ಎಳೆಯೊಂದು ಹಗ್ಗದಷ್ಟು ದಪ್ಪ ಬೆಳ್ಳಗೆ ಹೊಳೆಯುತ್ತಿತ್ತು. ಹಳೇ ಟೂತ್‌ಬ್ರಷ್ಷಿನಿಂದ ಬಲೆ ತೆಗೆದೆ. ಮರದ ಭಾಗವನ್ನು ನೋಡಬೇಡವೆಂದು ಪರದೆಯ ಮೇಲೆ ಗೆರೆ ಎಳೆದು ಮುಚ್ಚಿದೆ.

"ಇಷ್ಟು ದೊಡ್ಡ ಚಿತ್ರ ಇಟ್ಕೊಂಡು ಎಲೆ ಎಣಿಸ್ತೀರಲ್ಲ ಮಾವ" ಎಂದ ಹುಡುಗ. ಚಿತ್ರ ನಿಜಕ್ಕೂ ದೊಡ್ಡದು: 2560 ಅಡ್ಡ, 1440 ಉದ್ದ, ಒಟ್ಟು 36,86,400 ಚುಕ್ಕೆ. ಸೆಕೆಂಡಿಗೆ 25ರಂತೆ ಒಂದೇ ಕ್ಯಾಮೆರಾದಿಂದ ಒಂಬತ್ತು ಕೋಟಿ ಇಪ್ಪತ್ತೊಂದು ಲಕ್ಷ ಅರವತ್ತು ಸಾವಿರ. ನಾಲ್ಕು ಮೆಗಾಪಿಕ್ಸೆಲ್ಲಿಗೆ ದುಡ್ಡು ಕೊಟ್ಟ ಮೇಲೆ ಎರಡಕ್ಕಿಳಿಸುವುದು, ಬಫೆಯಲ್ಲಿ ತಟ್ಟೆಯ ಅರ್ಧ ಖಾಲಿ ಬಿಟ್ಟು ಬಂದ ಹಾಗಲ್ಲವೇ? ಇಳಿಸುವುದೇ ಬೇಡವೆಂದ. ಪ್ರತಿ ಕ್ಯಾಮೆರಾವೂ ಎರಡು ಹರಿವು ಕೊಡುತ್ತದೆ. ಮೇನ್ ಸ್ಟ್ರೀಮ್ ಹಾಗೇ ಬೀರುವಿಗೆ ಹೋಗಲಿ. ಯಾರಾದರೂ ಬಂದರೇ ಎಂದು ನೋಡುವುದಕ್ಕೆ 640 ಅಡ್ಡ 360ರ ಸಬ್ ಸ್ಟ್ರೀಮ್ ಸಾಕು. ದೊಡ್ಡದರ ಹದಿನಾರನೇ ಒಂದು ಪಾಲು. ಸೆಕೆಂಡಿಗೆ ಹತ್ತೇ ಚಿತ್ರವೆಂದರೆ ನಲವತ್ತನೇ ಒಂದು ಪಾಲಿನ ಕೆಲಸ. ಹೂವು ಬಿಡಿಸುವವರು ಸೆಕೆಂಡಿಗೆ ಇಪ್ಪತ್ತೈದು ಸಲ ನೋಡಬೇಕಾದಷ್ಟು ಚುರುಕಿನವರೂ ಅಲ್ಲ. ಎದುರುಮನೆ ಅಜ್ಜಿ ಸೊಪ್ಪು ಸೋಸುತ್ತಾ ರಸ್ತೆ ಕಾಯುವುದೂ ಹೀಗೇ. ಕಣ್ಣು ಮೊರದ ಮೇಲೆ. ಗೇಟು ಕಿರ್ ಎಂದಾಗ ಮಾತ್ರ ಕನ್ನಡಕ ಮೇಲಕ್ಕೆ. 19.

ಉಳಿದ ಪಾಲು ನನ್ನದು. ನಡುಮನೆಯ ಮಾನಿಟರಿನಲ್ಲಿ ನಾಲ್ಕೂ ಚೌಕ ಸದಾ ತೆರೆದಿಟ್ಟು, ಕಾಫಿ ಹಿಡಿದು ನೋಡುತ್ತಾ ಕೂರುವುದು ನನ್ನ ಅಭ್ಯಾಸ. ಕಸದ ಆಟೊ, ಸೊಪ್ಪಿನ ಗಾಡಿ, ಎದುರುಮನೆಗೆ ಬಂದ ಪಾರ್ಸೆಲ್. ಕಾವಲು ಎಂದು ಹೇಳಿಕೊಳ್ಳುತ್ತೇನೆ, ಅಸಲಿಗೆ ಅದು ಕಟ್ಟೆ ಪುರಾಣ. ನಾನು ನೋಡದಿದ್ದರೆ ಪರದೆಗೆಂದು ಚಿತ್ರ ಬಿಚ್ಚುವ ಕೆಲಸವೂ ಇಲ್ಲ. ಕಿಟಕಿ ಮುಚ್ಚಿ, ತೆರೆಮರೆಯಲ್ಲೇ ನಡೆಯಲು ಬಿಟ್ಟೆವು. 9 ಪರ್ಸೆಂಟ್. ಫ್ಯಾನಿನ ಸದ್ದಿಲ್ಲದೆ ಮನೆ ಬಿಕೋ ಎಂದಿತು. ಕರೆಂಟಿನ ಲೆಕ್ಕವನ್ನೂ ಹುಡುಗನೇ ಹಾಕಿದ: 40 ವ್ಯಾಟ್ ಉಳಿದರೆ ತಿಂಗಳಿಗೆ ಸುಮಾರು 29 ಯೂನಿಟ್. ಗೃಹಜ್ಯೋತಿಯ 200ರ ಗೆರೆ ದಾಟದ ಹಾಗೆ ಮೀಟರಿನ ಮೇಲೆ ಕಣ್ಣಿಟ್ಟಿರುವ ನಮ್ಮ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಹೆಂಡತಿ ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.

ರಾತ್ರಿ ಬೆಕ್ಕು ಎಂದಿನಂತೆ ಬಂತು. ಪೆಟ್ಟಿಗೆಯ ಮೇಲೆ ಹತ್ತಿ, ಒಂದು ಪಂಜ ಇಟ್ಟು ನೋಡಿ, ಗೀಸರ್ ಕಿತ್ತುಹಾಕಿದ ಮನೆ ಮಾಲೀಕನನ್ನು ಬಾಡಿಗೆಯವರು ನೋಡುವ ಹಾಗೆ ನನ್ನನ್ನು ನೋಡಿತು. ಆಮೇಲೆ ಅದು ಕಂಡದ್ದು ಎರಡನೇ ಕ್ಯಾಮೆರಾದಲ್ಲಿ, ಪಕ್ಕದ ಮನೆಯವರು ಆಗಷ್ಟೇ ತಂದು ನಿಲ್ಲಿಸಿದ ಕಾರಿನ ಬಾನೆಟ್ ಮೇಲೆ.

ಬೆಳಗ್ಗೆ ಹೆಂಡತಿ ಪಾತ್ರೆಯ ಮುಚ್ಚಳ ತೆಗೆದಳು. ಹಿಟ್ಟು ರುಬ್ಬಿಟ್ಟಾಗ ಎಷ್ಟಿತ್ತೋ ಅಷ್ಟೇ ಇತ್ತು. ಸೌಟಿನಿಂದ ಒಮ್ಮೆ ಕದಡಿ, ಮುಚ್ಚಳ ಹಾಕಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಶನಿವಾರ ರಾತ್ರಿ ಒಂದಿನ ಆ ಗುರುಕೃಪ ಅಂತ ಬರ್ಕೊಳ್ಳೋದನ್ನ ಮತ್ತೆ ಹಚ್ಚಿಬಿಡಿ ರೀ" ಅಂದಳು.