ಹಸಿರು ನಕ್ಷೆ, ನೆಟ್‌ವರ್ಕ್ ಕಲ್ಲು

ಮಲೆನಾಡು ಹಸಿರು ಅಂತ ಇಷ್ಟು ದಿನ ಹೋಂಸ್ಟೇಗೆ ಬಂದವರು ಹೇಳುತ್ತಿದ್ದರು. ಈಗ ಮೊಬೈಲ್ ಕಂಪನಿಯೂ ಹೇಳುತ್ತಿದೆ. ಎಲ್ಲೆಲ್ಲಿ ಸಿಗ್ನಲ್ ಇದೆ ಅನ್ನುವ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಲೇಬೇಕು ಅಂತ 2024ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮ ತಂದಿತಲ್ಲ, ಅದರ ಫಲ. ನಾನೂ ನೋಡಿದೆ. ಸಿಗ್ನಲ್ ಇರುವಲ್ಲಿ ಹಸಿರು ಬಣ್ಣ. ನಮ್ಮೂರು ಹಸಿರು, ನಮ್ಮ ತೋಟ ಹಸಿರು, ಕೊಟ್ಟಿಗೆ ಹಿಂದಿನ ಗೊಬ್ಬರಗುಂಡಿ ಅಂತೂ ಕಡುಹಸಿರು. ಎಲ್ಲಿ ಕೂತು ನೋಡಿದಿರಿ ಅಂತ ಕೇಳಬೇಡಿ. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ.

ಕಳೆದ ವಾರ ಸಿಗ್ನಲ್ ಪರೀಕ್ಷೆಯ ಕಾರೂ ಬಂದಿತ್ತು. ಡ್ರೈವ್ ಟೆಸ್ಟ್ ಅನ್ನುತ್ತಾರೆ. ಅಂದರೆ ಡ್ರೈವ್ ಮಾಡಲು ಆಗುವಲ್ಲಿ ಮಾತ್ರ ಟೆಸ್ಟು. ಹಿಂದಿನ ಸೀಟಿನಲ್ಲಿ ಇಡ್ಲಿ ತಟ್ಟೆಯ ಹಾಗೆ ಜೋಡಿಸಿಟ್ಟ ಫೋನುಗಳು. ಅವೇ ಕರೆ ಮಾಡುತ್ತವೆ, ಅವೇ ಇಡುತ್ತವೆ, ಪಕ್ಕದ ಲ್ಯಾಪ್‌ಟಾಪು ಬರೆದುಕೊಳ್ಳುತ್ತದೆ. ಕಾರು ಗಾಜನೂರು, ಸಕ್ರೆಬೈಲು, ಮಂಡಗದ್ದೆ ಅಂತ ತುಂಗೆಯ ಬದಿ ಹಿಡಿದು ಹೆದ್ದಾರಿಯಲ್ಲೇ ಬಂತು, ನಮ್ಮ ಕ್ರಾಸಿನಲ್ಲಿ ಚಹಾಕ್ಕೆ ನಿಂತಿತು. ಅಲ್ಲಿಂದ ನಮ್ಮ ಮನೆಗೆ ನಾಲ್ಕು ಕಿಲೋಮೀಟರ್ ಮಣ್ಣು ದಾರಿ. ಮಳೆಗಾಲದಲ್ಲಿ ಅದು ದಾರಿಯೋ ಹಳ್ಳವೋ ಅಂತ ಹಳ್ಳಕ್ಕೇ ಅನುಮಾನ. ಕಾರಿನ ಹುಡುಗ ಆ ಕಡೆ ಒಮ್ಮೆ ಕಣ್ಣು ಹಾಯಿಸಿ "ಅದು ನಮ್ಮ ರೂಟಿನಲ್ಲಿಲ್ಲ ಸರ್" ಅಂದ. ಎಂಥ ದಯಾಳು ಪರೀಕ್ಷೆ! ನಮಗಿದ್ದ ಮೇಷ್ಟ್ರು ನಾವು ಓದದ ಪಾಠದಿಂದಲೇ ಹುಡುಕಿ ಹುಡುಕಿ ಪ್ರಶ್ನೆ ತೆಗೆಯುತ್ತಿದ್ದರು.

ಇದನ್ನು ಪಕ್ಕದ ಮನೆಯ ಹುಡುಗನಿಗೆ ಹೇಳಿದರೆ ಅವನಿಗೆ ನಗು ಬರಲಿಲ್ಲ. ಅವನದು ಇಂಜಿನಿಯರಿಂಗ್ ಕೊನೆಯ ವರ್ಷ. ಪ್ರಾಜೆಕ್ಟು ಏನು ಅಂದುಕೊಂಡಿರಿ? ಮೊಬೈಲ್ ಅಡ್‌ಹಾಕ್ ಜಾಲದಲ್ಲಿ ರೂಟಿಂಗ್ ಪ್ರೋಟೋಕಾಲ್‌ಗಳ ಪರೀಕ್ಷೆ. ಅಡ್‌ಹಾಕ್ ಅಂದರೆ ಟವರಿನ ಹಂಗಿಲ್ಲದ ಜಾಲ. ನನ್ನ ಫೋನು ನಿಮ್ಮದಕ್ಕೆ ದಾಟಿಸುತ್ತದೆ, ನಿಮ್ಮದು ಮುಂದಿನವರದಕ್ಕೆ. ಸಾಲಾಗಿ ನಿಂತು ಗೊಬ್ಬರದ ಬುಟ್ಟಿ ದಾಟಿಸಿದ ಹಾಗೆ. ಎಲ್ಲರೂ ಓಡಾಡುತ್ತಲೇ ಇರುವಾಗ ಈಗ ಯಾರ ಕೈಗೆ ಕೊಟ್ಟರೆ ಬುಟ್ಟಿ ಮುಟ್ಟುತ್ತದೆ ಅಂತ ಗೊತ್ತುಮಾಡುವ ಕಟ್ಟಲೆಯೇ ಪ್ರೋಟೋಕಾಲ್. ಯುದ್ಧಭೂಮಿಗೆ, ಭೂಕಂಪಕ್ಕೆ, ನೆರೆಗೆ ಇದು ಬೇಕು ಅಂತ ಪುಸ್ತಕದಲ್ಲಿದೆಯಂತೆ. ಮಲೆನಾಡಿನ ಹೆಸರು ಆ ಪಟ್ಟಿಯಲ್ಲಿ ಬಿಟ್ಟುಹೋಗಿದೆ.

ಅವನ ಫಲಿತಾಂಶ ನೋಡಿದೆ. ಕಳಿಸಿದ ಪ್ಯಾಕೆಟ್ಟುಗಳು, ಅಂದರೆ ಮಾಹಿತಿಯ ಬುಟ್ಟಿಗಳು, ಹೆಚ್ಚುಕಡಿಮೆ ಎಲ್ಲವೂ ತಲುಪಿವೆ.

"ಎಲ್ಲಿ ಟೆಸ್ಟ್ ಮಾಡಿದೆ ಮಾರಾಯ?"

"ಕಂಪ್ಯೂಟರಿನೊಳಗೆ ಅಣ್ಣ. ಸಿಮ್ಯುಲೇಶನ್."

"ಈ ರಿಪೋರ್ಟನ್ನು ಕಾಲೇಜಿಗೆ ಹೇಗೆ ಕಳಿಸಿದೆ?"

"ನೆಟ್‌ವರ್ಕ್ ಕಲ್ಲಿಗೆ ಹೋಗಿ."

ಹುಡುಗನದೇನೂ ತಪ್ಪಿಲ್ಲ, ಗುರುಪರಂಪರೆಯೇ ಹಾಗಿದೆ. 1998ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಇಂಥ ನಾಲ್ಕು ಪ್ರೋಟೋಕಾಲ್‌ಗಳನ್ನು ಎನ್‌ಎಸ್-2 ಅನ್ನುವ ಸಿಮ್ಯುಲೇಟರಿನಲ್ಲಿ ಹೋಲಿಸಿ ನೋಡಿದರು. 1500 ಮೀಟರ್ ಉದ್ದ, 300 ಮೀಟರ್ ಅಗಲದ ಸಮತಟ್ಟು ಮೈದಾನ, 50 ಜನ, 900 ಸೆಕೆಂಡು. ಮೊದಲ ಕೆಲಸವಾಗಿ ಅದು ಒಳ್ಳೆಯದೇ. ಆದರೆ ಆಮೇಲೆ ಬಂದವರಿಗೆ ಆ ಮೈದಾನ ಅಜ್ಜಿಯ ಮಿಡಿ ಉಪ್ಪಿನಕಾಯಿಯ ಅಳತೆಯ ಹಾಗೆ ಆಗಿಹೋಯಿತು. ಯಾಕೆ ಇಷ್ಟೇ ಅಂತ ಕೇಳುವ ಹಾಗಿಲ್ಲ. 1500 ಮೀಟರಿನಲ್ಲಿ ನಮ್ಮೂರಿನ ಎರಡು ಮನೆ, ಒಂದು ನಾಗಬನ ಹಿಡಿದರೆ ಹೆಚ್ಚು. 50 ಜನ ಒಟ್ಟಿಗೆ ಸೇರಬೇಕಾದರೆ ಯಾರಾದರೂ ಸಾಯಬೇಕು. ಮೊಬಿಹಾಕ್ ಅನ್ನುವ ಸಮ್ಮೇಳನದ 2000ದಿಂದ 2005ರವರೆಗಿನ 151 ಪ್ರಬಂಧಗಳನ್ನು ಕೆಲವರು ಪಟ್ಟಾಗಿ ಕೂತು ಓದಿದರು. 114ರಲ್ಲಿ ಸಿಮ್ಯುಲೇಶನ್ ಇತ್ತು. ಅದರಲ್ಲಿ ಇನ್ನೊಬ್ಬರು ಮತ್ತೆ ಮಾಡಿ ನೋಡಬಹುದಾದಷ್ಟು ವಿವರ ಕೊಟ್ಟವು ನೂರಕ್ಕೆ 15 ಕೂಡ ಇರಲಿಲ್ಲ. ಅಡುಗೆ ಭಟ್ಟರು ಸಾರಿನ ಗುಟ್ಟು ಬಿಟ್ಟುಕೊಡದಿರುವುದು ನಮಗೆ ಹೊಸದಲ್ಲ ಬಿಡಿ. ನ್ಯಾಯಕ್ಕೆ ಹೇಳಬೇಕೆಂದರೆ, ಅದೇ ಕಾರ್ನೆಗಿ ಮೆಲನ್‌ನವರು ಮರುವರ್ಷಗಳಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಾರುಗಳಲ್ಲಿ ರೇಡಿಯೋ ಇಟ್ಟು ಓಡಿಸಿ ಪರೀಕ್ಷೆ ಮಾಡಿದ್ದೂ ಇದೆ. ಅಲ್ಲಿ ರಸ್ತೆ ಇತ್ತು.

ಈ ಸಿಮ್ಯುಲೇಶನ್ನಿನ ಮನುಷ್ಯರು ನಡೆಯುವ ಚಂದವನ್ನು ನೀವು ಕೇಳಬೇಕು. ರ‍್ಯಾಂಡಮ್ ವೇಪಾಯಿಂಟ್ ಅಂತ ಅದರ ಹೆಸರು. ಮನುಷ್ಯ ಕಣ್ಣುಮುಚ್ಚಿ ಒಂದು ಜಾಗ ಆರಿಸುತ್ತಾನೆ, ಅಲ್ಲಿಗೆ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಾನೆ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾನೆ, ಮತ್ತೆ ಕಣ್ಣುಮುಚ್ಚಿ ಇನ್ನೊಂದು ಜಾಗ. ಮಲೆನಾಡಿನಲ್ಲಿ ಹೀಗೆ ಓಡಾಡುವುದು ಚುನಾವಣೆಯ ಅಭ್ಯರ್ಥಿ ಒಬ್ಬನೇ. ಅವನು ನಿಲ್ಲುವುದೂ ಫೋಟೋ ತೆಗೆಯುವಷ್ಟು ಹೊತ್ತು. ಉಳಿದವರಿಗೆ ಎದುರು ಗುಡ್ಡದ ಮನೆಯ ಹೊಗೆ ಕಾಣುತ್ತದೆ, ನಾಯಿ ಬೊಗಳಿದ್ದು ಕೇಳುತ್ತದೆ, ಹೋಗಲು ಆರು ಕಿಲೋಮೀಟರ್ ಸುತ್ತು. ಒಂದು ವಿಷಯದಲ್ಲಿ ಮಾತ್ರ ಆ ಲೆಕ್ಕ ನಮ್ಮ ನಾಡಿಗೆ ಹೊಂದುತ್ತದೆ. ಕನಿಷ್ಠ ವೇಗ ಸೊನ್ನೆ ಅಂತ ಇಟ್ಟರೆ ಹೊತ್ತು ಹೋದ ಹಾಗೆ ಎಲ್ಲರ ಸರಾಸರಿ ವೇಗವೂ ಇಳಿಯುತ್ತಾ ಸೊನ್ನೆಯ ಕಡೆಗೇ ಹೋಗುತ್ತದೆ ಅಂತ 2003ರಲ್ಲಿ ತೋರಿಸಿಕೊಟ್ಟರು. ಸರ್ಕಾರಿ ಕಡತ ನೋಡಿದವರಿಗೆ ಇದಕ್ಕೆ ಸಮೀಕರಣ ಬೇಡ.

ಸಿಗ್ನಲ್ಲಿನ ಕಥೆ ಇನ್ನೂ ಸರಳ: ಸುತ್ತ 250 ಮೀಟರಿನ ದುಂಡನೆ ವೃತ್ತ. ಒಳಗಿದ್ದರೆ ಕೇಳುತ್ತದೆ, ಹೊರಗೆ ಕಾಲಿಟ್ಟರೆ ಇಲ್ಲ. ಮರವಿಲ್ಲ, ಗುಡ್ಡವಿಲ್ಲ, ಆಷಾಢವಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯನ್ನು ಯಾವ ಮೆನುವಿನಲ್ಲಿ ಒತ್ತಬೇಕು ಅಂತ ಹುಡುಗನನ್ನು ಕೇಳಿದೆ. ಹನಿಗಿಂತ ನೆನೆದ ಎಲೆಯೇ ಫೋನಿನ ಅಲೆಗೆ ದೊಡ್ಡ ಶತ್ರು ಅಂತ ಅವನಿಗೂ ಗೊತ್ತು. ಅದನ್ನು ಸೇರಿಸಿದರೆ ಗ್ರಾಫು ಕೆಟ್ಟುಹೋಗುತ್ತದಂತೆ.

ನೆಟ್‌ವರ್ಕ್ ಕಲ್ಲಿನ ವಿಷಯ ಹೇಳಲೇಬೇಕು. ನಮ್ಮ ಮನೆಯಿಂದ ಹನ್ನೆರಡು ನಿಮಿಷ ಏರಿದರೆ ಹಾಡ್ಯದ ತುದಿಯಲ್ಲಿ ಒಂದು ಹಾಸುಕಲ್ಲು. ಅದರ ಎಡತುದಿಯಲ್ಲಿ ಸಿಗ್ನಲ್ಲಿನ ಎರಡು ಕಡ್ಡಿ, ಬಲತುದಿಯಲ್ಲಿ ಏನೂ ಇಲ್ಲ. ಲಾಕ್‌ಡೌನಿನಲ್ಲಿ ಮಕ್ಕಳು ಕೊಡೆ ಹಿಡಿದು ಆನ್‌ಲೈನ್ ಪಾಠ ಕೇಳಿದ್ದು ಇಲ್ಲಿ. ಎರಡು ಮದುವೆ ಕುದುರಿದ್ದೂ ಇಲ್ಲಿ, ಅದರಲ್ಲಿ ಒಂದು ಸಂಬಂಧಿಕರಿಗೆ ಗೊತ್ತಾಗುವ ಮೊದಲೇ. ಎಡತುದಿಗೆ ಸರದಿ ಇದೆ. ಶಿವಮೊಗ್ಗ ಮಂಡಿಯಲ್ಲಿ ರಾಶಿ ಅಡಿಕೆ ರೇಟು ಕೇಳುವವರಿಗೆ ಮೊದಲ ಮರ್ಯಾದೆ, ರೀಲ್ಸ್ ನೋಡುವವರು ಕೊನೆಗೆ. ಕಲ್ಲಿನ ಕಾಯಂ ನಿವಾಸಿಗಳು ಉಂಬಳಗಳು, ಅಂದರೆ ಕಾಡಿನ ಜಿಗಣೆಗಳು. ಎಲ್ಲಿ ಯಾರ ಕಾಲು ಸದ್ದಾದರೂ ಅವಕ್ಕೆ ಗೊತ್ತಾಗುತ್ತದೆ, ಎದ್ದು ನಿಂತು ಮೂಗು ಆಡಿಸಿ, ಹತ್ತಿರದ ದಾರಿ ಹಿಡಿದು, ಸಾಕ್ಸಿನ ಹೆಣಿಗೆಯ ನಡುವೆ ನುಗ್ಗಿ ಗುರಿ ಮುಟ್ಟುತ್ತವೆ. ಮಳೆ ಜೋರಾದಷ್ಟೂ ಕವರೇಜ್ ಹೆಚ್ಚು. ಅವುಗಳ ಪ್ರೋಟೋಕಾಲನ್ನು ಯಾವ ವಿಶ್ವವಿದ್ಯಾಲಯವೂ ಅಧ್ಯಯನ ಮಾಡಿದ ಹಾಗಿಲ್ಲ.

ಕಲ್ಲಿಗೆ ಮೊದಲು ನಮ್ಮ ರೂಟರು ಬಸ್ಸು. ಔಷಧಿ, ಹಣ, "ಅತ್ತೆ ನಾಳೆ ಬರ್ತಾರೆ" ಅನ್ನುವ ಸುದ್ದಿ, ಎಲ್ಲ ಕಂಡಕ್ಟರ ಕೈಯಲ್ಲಿ. ನಗಬೇಡಿ. ಸುಮಾರು ಇಪ್ಪತ್ತು ವರ್ಷದ ಹಿಂದೆ ಅಮೆರಿಕದ ಎಂಐಟಿಯಿಂದ ಬಂದ ಡಾಕ್‌ನೆಟ್‌ನವರು ನಮ್ಮದೇ ದೊಡ್ಡಬಳ್ಳಾಪುರದಲ್ಲಿ ಬಸ್ಸಿಗೆ ವೈಫೈ ಪೆಟ್ಟಿಗೆ ಕಟ್ಟಿ ಪಹಣಿ ಕೊಡುವ 'ಭೂಮಿ' ಯೋಜನೆಯ ಮಾಹಿತಿಯನ್ನು ಹಳ್ಳಿಗೂ ತಾಲ್ಲೂಕು ಕೇಂದ್ರಕ್ಕೂ ನಡುವೆ ಸಾಗಿಸಿದರು. ಅದಕ್ಕೆ ಸಂಶೋಧನೆ ಅಂತ ಹೆಸರು ಬಂತು. ನಮ್ಮ ಕಂಡಕ್ಟರಿಗೆ ಬಂದದ್ದು ದೀಪಾವಳಿಗೆ ಒಂದು ಬಾಳೆಗೊನೆ.

ಎಲ್ಲ ಸಂಶೋಧಕರೂ ಮೈದಾನದಲ್ಲೇ ಆಡಿದರು ಅಂದರೆ ತಪ್ಪಾಗುತ್ತದೆ. ಗಣಿತ ಹಿಡಿದು ಕೂತವರೂ ಇದ್ದರು. ಎಓಡಿವಿ ಅಂತ ಹೆಸರಾಂತ ಪ್ರೋಟೋಕಾಲ್ ಒಂದಿದೆ. ಅದರಲ್ಲಿ ದಾರಿಯ ಸುದ್ದಿಗೆಲ್ಲ ಒಂದು ಕ್ರಮಸಂಖ್ಯೆ. ದೊಡ್ಡ ಸಂಖ್ಯೆ ಅಂದರೆ ಹೊಸ ಸುದ್ದಿ. ಇಲ್ಲದಿದ್ದರೆ ಏನಾಗುತ್ತದೆ? ನಿನ್ನೆಯ ಅಡಿಕೆ ರೇಟನ್ನು ನೀವು ಪಕ್ಕದವನಿಗೆ ಹೇಳುತ್ತೀರಿ, ಅವನು ಸಂಜೆ ಅದನ್ನೇ ನಿಮಗೆ ತಿರುಗಿ ಹೇಳುತ್ತಾನೆ, ಇಬ್ಬರೂ ಅದು ಇವತ್ತಿನದು ಅಂತ ನಂಬುತ್ತೀರಿ. ದಾರಿಯ ವಿಷಯದಲ್ಲಿ ಹೀಗಾದರೆ ಪ್ಯಾಕೆಟ್ಟು ನಿಮ್ಮಿಬ್ಬರ ನಡುವೆಯೇ ಸುತ್ತುತ್ತದೆ. ಕ್ರಮಸಂಖ್ಯೆ ಇದೆಯಲ್ಲ, ಸುತ್ತುವುದಿಲ್ಲ ಅಂದುಕೊಂಡಿದ್ದರು. ಕಾರ್ತಿಕೇಯನ್ ಭಾರ್ಗವನ್ ಮತ್ತವರ ಜೊತೆಯವರು ತಪ್ಪು ಹುಡುಕುವ ಸ್ಪಿನ್ ಅನ್ನುವ ತಂತ್ರಾಂಶದಿಂದ, ಜೊತೆಗೆ ಗಣಿತದ ರುಜುವಾತಿನಿಂದ ಎಓಡಿವಿ ನಿಯಮಗಳ ಕರಡನ್ನು ಜಾಲಾಡಿ, ಸುತ್ತುತ್ತದೆ ಅಂತ 2002ರ ಪ್ರಬಂಧದಲ್ಲಿ ತೋರಿಸಿದರು. ಯಾವಾಗ ಗೊತ್ತಾ? ಒಂದು ಯಂತ್ರ ಸತ್ತು ಮತ್ತೆ ಎದ್ದು, ತನಗೆ ಗೊತ್ತಿದ್ದದ್ದನ್ನೆಲ್ಲ ಮರೆತಾಗ ಕೂಡ. ಅಂದರೆ, ಕರೆಂಟು ಹೋಗಿ ಬಂದಾಗ! ನಮ್ಮ ಲೈನ್‌ಮನ್ ಇದನ್ನು ಮೊದಲಿಂದ ಹೇಳುತ್ತಿದ್ದಾನೆ: ಹೋಗುವಾಗ ತೊಂದರೆಯಿಲ್ಲ, ತೊಂದರೆ ಬರುವಾಗಲೇ.

ಕರಡು ತಿದ್ದಿ 2003ರಲ್ಲಿ ಆರ್‌ಎಫ್‌ಸಿ 3561 ಅನ್ನುವ ತಾಂತ್ರಿಕ ದಾಖಲೆಯಾಗಿ ಪ್ರಕಟವಾಯಿತು. ಸುಮಾರು ಹತ್ತು ವರ್ಷದ ಮೇಲೆ ಆಸ್ಟ್ರೇಲಿಯಾದ ಸಂಶೋಧಕರು ಅದನ್ನು ಅಕ್ಷರ ಅಕ್ಷರ ಓದಿದರೆ 5,000ಕ್ಕೂ ಮಿಕ್ಕಿ ಅರ್ಥ ಹೊರಟಿತು, ಕೆಲವು ಅರ್ಥದಲ್ಲಿ ಮತ್ತದೇ ಸುತ್ತು. ಒಂದು ಪದ್ಯಕ್ಕೆ ಬೆಳಗಿನ ಜಾವದವರೆಗೆ ಅರ್ಥ ಹೇಳುವ ನಮ್ಮ ತಾಳಮದ್ದಳೆಯವರು ಕೂಡ ಇದಕ್ಕೆ ಕೈ ಮುಗಿಯಬೇಕು.

ಸುತ್ತುವ ಪ್ಯಾಕೆಟ್ಟಿಗೆ ಒಂದು ಮೋಕ್ಷವಿದೆ. ಅದರ ಹಣೆಯ ಮೇಲೆ ಟಿಟಿಎಲ್ ಅಂತ ಒಂದು ಸಂಖ್ಯೆ, ಹೆಚ್ಚೆಂದರೆ 255. ಒಂದೊಂದು ಕೈ ದಾಟಿದಾಗಲೂ ಒಂದು ಕಡಿಮೆ; ಸೊನ್ನೆಯಾದರೆ ಎಸೆದುಬಿಡುತ್ತಾರೆ. ಟವರಿಗಾಗಿ ನಾವು ಕೊಟ್ಟ ಅರ್ಜಿಗೆ ಆ ಭಾಗ್ಯವೂ ಇಲ್ಲ. ಒಂದು ಕಚೇರಿಯಲ್ಲಿ ಜಾಗ ಕಾಡಿನದು ಅಂದರು, ಕಾಡಿನವರು ಕಂಪನಿ ಕೇಳಲಿ ಅಂದರು, ಕಂಪನಿಯವರು ಕರೆಂಟು ಬರಲಿ ಅಂದರು, ಕರೆಂಟಿನವರು ಮೊದಲ ಕಚೇರಿಯ ಕಾಗದ ತನ್ನಿ ಅಂದರು. ಅರ್ಜಿ ಇನ್ನೂ ಗಟ್ಟಿಮುಟ್ಟಾಗಿದೆ. ಸಹಿ ಹಾಕಿದ ಹನ್ನೊಂದು ಜನರಲ್ಲಿ ಮೂವರು ಇಲ್ಲ. 24,680 ಹಳ್ಳಿಗಳಿಗೆ 4ಜಿ ಅಂತ 2022ರಲ್ಲಿ ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟ ದಿನ ನಾವು ಕಲ್ಲಿನ ಮೇಲೆ ಪಾಯಸ ಹಂಚಿದ್ದೆವು.

ಹೋದ ವರ್ಷ ಅಡಿಕೆ ಕೊನೆ ಕೊಯ್ಯುವಾಗ ಒಬ್ಬ ಮರದಿಂದ ಬಿದ್ದ. ಅವನ ಮಗ ತೋಟದ ಅಂಚಿಗೆ ಓಡಿ ಎದುರು ಮನೆಗೆ ಕೂಗಿದ. ಅವರು ಇನ್ನೊಬ್ಬನನ್ನು ಕಲ್ಲಿಗೆ ಓಡಿಸಿದರು. ಕಲ್ಲಿನಿಂದ 108ಕ್ಕೆ ಕರೆ ಹೋಯಿತು. ಮೂರು ಕೈ, ನಲವತ್ತು ನಿಮಿಷ. ಸೊಂಟ ಮುರಿದವನು ಅಷ್ಟೂ ಹೊತ್ತು ಅಡಿಕೆ ಹಾಳೆಯ ಮೇಲೆ ಮಲಗಿ ಮೋಡ ನೋಡುತ್ತಿದ್ದ. ಅವನಿಗೆ ನಿಮ್ಮ ಹಸಿರು ಬಣ್ಣ ಯಾಕೆ ಬೇಕ್ರೀ? ಇಲ್ಲ ಅಂತ ಬರೆಯಿರಿ. ಬಿಳಿ ಬಿಡಿ. ಇಲ್ಲದ್ದನ್ನು ಇಲ್ಲ ಅನ್ನಲೂ ಒಂದು ಟೆಂಡರು ಕರೆಯಬೇಕೇ?

ಇರಲಿ. ಟೆಸ್ಟಿನ ಹುಡುಗ ಚಹಾ ಮುಗಿಸಿ ತನ್ನ ಸ್ವಂತ ಫೋನು ತೆಗೆದು, ಮೇಲಿಂದ ಕೆಳಗೆ ಆಡಿಸಿ, "ಆಫೀಸಿಗೆ ಒಂದು ಕಾಲ್ ಮಾಡಬೇಕಿತ್ತು, ಇಲ್ಲಿ ಎಲ್ಲಿ ಸಿಗತ್ತೆ ಸರ್?" ಅಂದ. ಬೈಕಿನ ಹಿಂದೆ ಕೂರಿಸಿಕೊಂಡು ಬಂದು ಕಲ್ಲಿನ ದಾರಿ ತೋರಿಸಿದೆ. ಅರ್ಧ ಗಂಟೆಗೆ ಇಳಿದು ಬಂದ. ಮಾತು ಆಯಿತಂತೆ, ಎಡತುದಿಯಲ್ಲಿ ಸ್ಪಷ್ಟವಾಗಿ ಕೇಳಿಸಿತಂತೆ. ಬಿಳಿ ಸಾಕ್ಸು ಕೆಂಪಾಗಿತ್ತು. ಅಮ್ಮ ಅಡಕೆ ತಟ್ಟೆಯಿಂದ ಸುಣ್ಣ ತಂದು ಒಂದೊಂದೇ ಉಂಬಳ ಬಿಡಿಸಿದಳು, ಏಳು. ಕಲ್ಲಿನ ಎರಡು ಕಡ್ಡಿಯನ್ನಾದರೂ ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳಪ್ಪ ಅಂದೆ. ಅವನು ಪ್ಯಾಂಟು ಇಳಿಬಿಡುತ್ತಾ, ಅದು ರೂಟಿನಲ್ಲಿಲ್ಲ ಸರ್ ಅಂದ.